ಕೊರಿಯನ್ ತರಗತಿಗೆ ಬೆಂಬಲವಾಗಿ ನಿಂತವರಿಗೆ

ಬೆಂಗಳೂರಿನ ನಮ್ಮ ಶಾಲೆಯಲ್ಲಿ ಕೊರಿಯನ್ ಭಾಷೆಯನ್ನು ಐಚ್ಛಿಕವಾಗಿ ಕಲಿತ ಮೊದಲ ತಂಡದ ಮಕ್ಕಳು ಟೋಪಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ. ಕೊರಿಯನ್ ಮಾತೃಭಾಷೆಯಲ್ಲದವರಿಗಾಗಿ ನಡೆಯುವ ಈ ಪರೀಕ್ಷೆಯ ಆರಂಭಿಕ ಪತ್ರಿಕೆಯಲ್ಲಿ ಆಲಿಸುವಿಕೆಗೆ 30, ಓದಿಗೆ 40 ಪ್ರಶ್ನೆಗಳಿದ್ದು, 200 ಅಂಕಗಳಲ್ಲಿ 80 ಬಂದರೆ ಮೊದಲ ಹಂತ, 140 ಬಂದರೆ ಎರಡನೆಯ ಹಂತ ದೊರೆಯುತ್ತದೆ. ನಮ್ಮವರಲ್ಲಿ ಹೆಚ್ಚಿನವರಿಗೆ ಮೊದಲ ಹಂತ ಸಿಕ್ಕಿತು. ಕೆಲವರು ಎರಡನೆಯದಕ್ಕೂ ಏರಿದರು. ಅಭಿನಂದನೆಗಳೆಲ್ಲ ಪಾಠ ಮಾಡಿದ ನನ್ನ ಪಾಲಿಗೇ ಬರುತ್ತಿರುವುದರಿಂದ, ಅವು ನಿಜಕ್ಕೂ ಯಾರಿಗೆ ಸಲ್ಲಬೇಕೋ ಅವರನ್ನು ಬಹಿರಂಗವಾಗಿ ನೆನೆಯುವುದು ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಶಾಲೆಯ ಕನ್ನಡ ಮೇಷ್ಟರಿಗೆ. ಇದು ಸೌಜನ್ಯದ ಮಾತಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಆರಂಭದಲ್ಲಿ ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಕೊರಿಯನ್ನಿಗೆ ತಿರುಗಿಸುತ್ತಿದ್ದರು. ಕ್ರಿಯಾಪದ ನಡುವೆ ಬಂದು ಕೂರುತ್ತಿತ್ತು, ಪ್ರತ್ಯಯಗಳು ಉದುರಿಹೋಗುತ್ತಿದ್ದವು. ನಮ್ಮ ಕಷ್ಟ ಕೇಳಿದ ಮೇಷ್ಟರು ತಮ್ಮದೇ ಒಂದು ಪೀರಿಯಡ್ಡನ್ನು ಬಿಟ್ಟುಕೊಟ್ಟು, ಕಪ್ಪುಹಲಗೆಯ ಮೇಲೆ ವಿಭಕ್ತಿ ಪ್ರತ್ಯಯಗಳನ್ನು ಸಾಲಾಗಿ ಬರೆದರು. ಅವುಗಳ ಎದುರು ಕೊರಿಯನ್ ಪ್ರತ್ಯಯಗಳನ್ನು ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಲಾಯಿತು. ದ್ವಿತೀಯೆಗೂ ಸಪ್ತಮಿಗೂ ಅಲ್ಲಿ ಜೋಡಿ ಸಿಕ್ಕಿತು. ಕರ್ಮ ಮೊದಲು, ಕ್ರಿಯಾಪದ ಕೊನೆಗೆ ಎಂಬ ಕ್ರಮವೂ ಒಂದೇ ಎಂಬುದು ಅವರಿಗೆ ತಾನಾಗಿ ಹೊಳೆಯಿತು. ಹಿರಿಯರೊಡನೆ ಮಾತನಾಡುವಾಗ ಕ್ರಿಯಾಪದದ ರೂಪವೇ ಬದಲಾಗುತ್ತದೆ ಎಂಬುದನ್ನು, ಮನೆಯಲ್ಲಿ ತಮ್ಮನನ್ನು ಏಕವಚನದಲ್ಲಿಯೂ ಅಜ್ಜನನ್ನು ಬಹುವಚನದಲ್ಲಿಯೂ ಕರೆಯುವ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಭಾಷೆಗಳಿಗೆ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಅದು ವಿದ್ವಾಂಸರ ತಕರಾರು. ಆದರೆ ಕನ್ನಡ ವ್ಯಾಕರಣವನ್ನು ಸರಿಯಾಗಿ ಓದಿದ ಮಗು ಕೊರಿಯನ್ ತರಗತಿಗೆ ಅರ್ಧ ಸಿದ್ಧವಾಗಿಯೇ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿಪಿಯ ವಿಷಯದಲ್ಲಿ ನಾನು ಚಿತ್ರಕಲೆಯ ಮೇಡಂಗೆ ಋಣಿ. ಕೊರಿಯಾದ ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯ ಮೂಲ ವ್ಯಂಜನಗಳು ಬಾಯಿಯ ಅಂಗಗಳ ಆಕಾರವನ್ನೇ ಹೊತ್ತಿವೆ: ಮಕಾರದ ಚೌಕ ಬಾಯಿಯನ್ನು, ನಕಾರದ ಗೆರೆ ಅಂಗುಳಕ್ಕೆ ತಾಗುವ ನಾಲಿಗೆಯ ತುದಿಯನ್ನು ಸೂಚಿಸುತ್ತದೆ. ಮೇಡಂ ಗೋಡೆಯ ಮೇಲೆ ಬಾಯಿಯ ಸೀಳುನೋಟವನ್ನು ದೊಡ್ಡದಾಗಿ ಬರೆದುಕೊಟ್ಟ ಮೇಲೆ 14 ವ್ಯಂಜನ, 10 ಸ್ವರಗಳ ಕಲಿಕೆ ಬಾಯಿಪಾಠದ ಶಿಕ್ಷೆಯಾಗಿ ಉಳಿಯಲಿಲ್ಲ. ಉಚ್ಚಾರಾಂಶದ ಕೊನೆಯ ವ್ಯಂಜನವನ್ನು ಕೆಳಗಡೆ ಬರೆಯುವ ಪದ್ಧತಿಯಂತೂ, ಒತ್ತಕ್ಷರ ಬರೆದು ಪಳಗಿದ ಕೈಗಳಿಗೆ ವಿಚಿತ್ರವೆನಿಸಲೇ ಇಲ್ಲ.

ಉಚ್ಚಾರಣೆ ಮಾತ್ರ ನನ್ನಿಂದಾಗುವ ಕೆಲಸವಾಗಿರಲಿಲ್ಲ. ಪತಿಯ ಉದ್ಯೋಗದ ನಿಮಿತ್ತ ನಮ್ಮ ಊರಿನಲ್ಲಿ ನೆಲೆಸಿದ್ದ ಕೊರಿಯನ್ ಮಹಿಳೆಯೊಬ್ಬರು ಶನಿವಾರಗಳಂದು ಬಂದು, ಯಾವ ಸಂಭಾವನೆಯನ್ನೂ ಪಡೆಯದೆ, ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ತಿದ್ದಿದರು. ಅವರ ಭಾಷೆಯಲ್ಲಿ ಪಕಾರದಂಥ ಧ್ವನಿಗಳು ಮೂರು: ಸಾಮಾನ್ಯ, ಬಿಗಿ ಮತ್ತು ಮಹಾಪ್ರಾಣ. ನಮ್ಮ ಮಕ್ಕಳು ಸಹಜವಾಗಿ ನುಡಿಯುವ ಪಕಾರ ಅವರ ಕಿವಿಗೆ ಬಿಗಿಯಾದದ್ದಾಗಿಯೇ ಕೇಳುತ್ತಿತ್ತು. ಅವರು ತೆಳುವಾದ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು, ಅದು ಎಷ್ಟು ಅಲುಗುತ್ತದೆ ಎಂಬುದನ್ನು ನೋಡಿ ಸರಿ-ತಪ್ಪು ಹೇಳುತ್ತಿದ್ದರು. ಕನ್ನಡದ ಮಹಾಪ್ರಾಣಗಳನ್ನೇ ನುಂಗಿ ಮಾತನಾಡುವ ನಮ್ಮ ಹುಡುಗರು ಕಾಗದ ಹಾರಿಸಲು ಪಟ್ಟ ಪಾಡು ಇಡೀ ಕಾರಿಡಾರಿಗೆ ಕೇಳಿಸುತ್ತಿತ್ತು. ಅದನ್ನು ಸಹಿಸಿಕೊಂಡ ಪಕ್ಕದ ತರಗತಿಯ ಗಣಿತ ಶಿಕ್ಷಕರಿಗೂ ಇಲ್ಲಿಯೇ ವಂದನೆ.

ಚುಸಕ್ ಹಬ್ಬದ ಪಾಠವನ್ನು ತಾಯಂದಿರು ನಡೆಸಿಕೊಟ್ಟರು. ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆಗೆ ಕೊರಿಯನ್ನರು ಪೂರ್ವಜರಿಗೆ ಎಡೆಯಿಟ್ಟು, ಹೊಸ ಅಕ್ಕಿಯ ಹಿಟ್ಟಿನಲ್ಲಿ ಎಳ್ಳು, ಕಾಳುಗಳ ಹೂರಣ ತುಂಬಿ, ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸಿ ಸೊಂಗ್‌ಪ್ಯನ್ ಮಾಡುತ್ತಾರೆ. ಪೈನ್ ಎಲೆ ಸಿಗದ ಕಾರಣ ತಾಯಂದಿರು ಇಡ್ಲಿ ಪಾತ್ರೆಗೆ ಬಾಳೆಲೆ ಹಾಸಿದರು. ಅರ್ಧಚಂದ್ರಾಕಾರ ಸರಿಯಾಗಿ ಬರುವವರೆಗೆ ಅವರು ಬಿಡಲಿಲ್ಲ. ಕಡುಬು ಮಾಡಿ ಅಭ್ಯಾಸವಿದ್ದವರಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ.

ಪ್ರಶ್ನೆ ಕೇಳಿದ ಪೋಷಕರನ್ನೂ ಮರೆಯಲಾರೆ. ಇದು ಹಾಡು, ಧಾರಾವಾಹಿಗಳ ಹುಚ್ಚು ಮಾತ್ರವಲ್ಲವೇ, ಮುಂದೆ ಇದರಿಂದ ಪ್ರಯೋಜನವೇನು ಎಂದು ಒಬ್ಬ ತಂದೆ ಪೋಷಕರ ಸಭೆಯಲ್ಲಿಯೇ ಕೇಳಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿದೆ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪದವಿಯವರೆಗೂ ಅದನ್ನು ಓದಬಹುದು ಎಂದಷ್ಟೇ ನಾನು ಅವರಿಗೆ ತಿಳಿಸಿದೆ. ನೌಕರಿಯ ಭರವಸೆಯನ್ನು ನಾನು ಕೊಡಲಿಲ್ಲ. ಹಾಡಿನ ಹುಚ್ಚಿನಿಂದ ಬಂದ ಮಕ್ಕಳಿದ್ದುದೂ ನಿಜ. ಅವರಲ್ಲಿ ಹಲವರು ಸಮಯ ಹೇಳುವಾಗ ಗಂಟೆಗೆ ಅಚ್ಚ ಕೊರಿಯನ್ ಸಂಖ್ಯೆ, ನಿಮಿಷಕ್ಕೆ ಚೀನೀ ಮೂಲದ ಸಂಖ್ಯೆ ಎಂಬ ನಿಯಮ ಎದುರಾದ ವಾರವೇ ಜಾಗ ಖಾಲಿ ಮಾಡಿದರು. ಆ ತಂದೆ ಮಾತ್ರ ಮಗಳನ್ನು ಬಿಡಿಸಲಿಲ್ಲ, ಪರೀಕ್ಷೆಯ ದಿನ ತಾವೇ ಕರೆತಂದರು.

ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಟ್ಟ ಮುಖ್ಯೋಪಾಧ್ಯಾಯಿನಿಯವರಿಗೂ ಗ್ರಂಥಾಲಯದ ಸಿಬ್ಬಂದಿಗೂ ನನ್ನ ಕೃತಜ್ಞತೆಗಳು. ಪರೀಕ್ಷೆ ಮುಗಿಸಿದ ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕಗಳನ್ನು ಕಿರಿಯರಿಗೆಂದು ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಜೂನ್‌ನಲ್ಲಿ ಬರುವ ಹೊಸ ತಂಡಕ್ಕೆ ಪ್ರತ್ಯಯಗಳ ಪಾಠವನ್ನು ಮೊದಲ ವಾರವೇ ತೆಗೆದುಕೊಳ್ಳಲು ಕನ್ನಡ ಮೇಷ್ಟರು ಒಪ್ಪಿದ್ದಾರೆ.