ಓದಕ್ಕೆ ಕಷ್ಟಪಡೋ ಮಕ್ಕಳನ್ನ ಬೇಗ ಗುರುತಿಸಿ

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ ಕಡೆ ಮಗು ಓದಕ್ಕೆ ತಡವರಿಸಿದ್ರೆ ಸಾಕು ದಡ್ಡ, ಸೋಮಾರಿ ಅಂತ ಹಣೆಪಟ್ಟಿ ಕಟ್ಬಿಡ್ತಾರೆ, ಟ್ಯೂಷನ್ನಿಗೆ ಹಾಕಿ ಮೇಲೆ ನಾಲ್ಕು ಏಟೂ ಬಿಗೀತಾರೆ. ನಮ್ಮ ಪಕ್ಕದ್ಮನೆ ಹುಡುಗ ಐದನೇ ಕ್ಲಾಸು, ಲೆಕ್ಕ ಬಾಯಲ್ಲೇ ಪಟಪಟ ಹೇಳ್ತಾನೆ, ಕೇಳಿದ ಕಥೆ ಹಾಗೇ ಒಪ್ಪಿಸ್ತಾನೆ, ಆದ್ರೆ ಪುಸ್ತಕ ಕೈಗೆ ಕೊಟ್ರೆ ಥ ಯಾವ್ದು ಧ ಯಾವ್ದು ಗೊತ್ತಾಗಲ್ಲ, ಒತ್ತಕ್ಷರ ಬಂದ್ರೆ ಹಾರಿಸ್ಬಿಡ್ತಾನೆ, ಚಿತ್ರ ನೋಡ್ಕೊಂಡು ಊಹೆ ಮೇಲೆ ಓದ್ತಾನೆ. ಇದು ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಓದು ಬರಹ ಕಷ್ಟವಾಗೋ ಕಲಿಕಾ ನ್ಯೂನತೆ, ಇರ್ಬಹುದು ಅಂತ ಟೀಚರ್‌ಗೂ ಹೊಳೆದಿಲ್ಲ (ಅಷ್ಟೊಂದು ಮಕ್ಕಳ ಮಧ್ಯೆ ಪಾಪ ಅವ್ರನ್ನೂ ದೂರಂಗಿಲ್ಲ). ಇದನ್ನ ಟೆಸ್ಟ್ ಮಾಡೋ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇರೋದು ಇಲ್ಲೇ ಮೈಸೂರಿನ ಮಾನಸಗಂಗೋತ್ರಿಲಿ, ಆದ್ರೆ ಅದು ಕಿವಿ ಕೇಳ್ದೋರಿಗೆ, ಮಾತು ಬರ್ದೋರಿಗೆ ಮಾತ್ರ ಅನ್ಕೊಂಡು ನಮ್ಮವ್ರು ಆ ಕಡೆ ತಲೆನೇ ಹಾಕಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಕಲಿಕಾ ನ್ಯೂನತೆನೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಎಸ್ಸೆಸ್ಸೆಲ್ಸಿ ಪರೀಕ್ಷೇಲಿ ಹೆಚ್ಚಿಗೆ ಟೈಮ್ ಕೇಳ್ಬಹುದು, ಇದು ಎಷ್ಟು ಅಪ್ಪ ಅಮ್ಮಂದ್ರಿಗೆ ಗೊತ್ತು ಹೇಳಿ? ಶಿಕ್ಷಣ ಇಲಾಖೆಯವ್ರು ಎಸ್ಸೆಸ್ಸೆಲ್ಸಿವರ್ಗೂ ಕಾಯೋದು ಬಿಟ್ಟು ಮೂರನೇ ಕ್ಲಾಸಲ್ಲೇ ಇಂಥ ಮಕ್ಕಳನ್ನ ಗುರುತಿಸಿ ಟೆಸ್ಟಿಗೆ ಕಳಿಸೋ ವ್ಯವಸ್ಥೆ ಮಾಡ್ಲಿ, ಪೋಷಕರ ಸಭೇಲೂ ಇದನ್ನ ಬಿಡಿಸಿ ಹೇಳ್ಲಿ.

– ಓದುಗರೊಬ್ಬರು, ಮಂಡ್ಯ