ಘಾಟಿಯ ಫೋಟೊ ಚೆಂದ, ಆದರೆ ಕಣಿವೆ ಸಪಾಟಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಆಲ್ಪ್ಸ್ ಸೈಕಲ್ ಪ್ರವಾಸದ ಲೇಖನ ಓದಿದೆವು. ಉತ್ತರ ಇಟಲಿಯ ವಿನ್ಶ್‌ಗೌ ಕಣಿವೆಯನ್ನು ಕನ್ನಡದ ಓದುಗರಿಗೆ ಪರಿಚಯಿಸಿದ್ದು ಒಳ್ಳೆಯದೇ. ಆದರೆ ಅರ್ಧ ಪುಟ ಸ್ಟೆಲ್ವಿಯೊ ಘಾಟಿಯ ಫೋಟೊಕ್ಕೆ ಹೋಯಿತು. ಕಣಿವೆಯ ದಾರಿಗೆ ಸಿಕ್ಕಿದ್ದು ಒಂದೇ ಸಾಲು: ಅದು ಹೊಳೆಯಂಚಿನ ಸಪಾಟು ಹಾದಿ, ಎತ್ತ ಕಡೆಯಿಂದ ಹೋದರೂ ಸಲೀಸು ಎಂದು. ಇದನ್ನು ನಂಬಿ ಕಣಿವೆಯ ಕೆಳತುದಿಯ ಮೆರಾನೊ ಊರಿನಿಂದ ಮೇಲ್ಮುಖವಾಗಿ ಹೊರಟವರು ಮೊದಲ ಹತ್ತು ಕಿಲೊಮೀಟರಿನೊಳಗೇ ಲೇಖಕರನ್ನು ನೆನೆಸಿಕೊಳ್ಳುತ್ತಾರೆ.

ಎತ್ತರದ ಲೆಕ್ಕ ಹೀಗಿದೆ. ಕಣಿವೆಯ ನೆತ್ತಿಯಲ್ಲಿರುವ ರೆಶೆನ್ ಘಾಟಿ ಸಮುದ್ರಮಟ್ಟದಿಂದ ಸುಮಾರು 1,507 ಮೀಟರ್. ನಂದಿಬೆಟ್ಟದ ತುದಿ 1,478. ಅಂದರೆ ಕಣಿವೆಯ ದಾರಿಯ ಅತಿ ಎತ್ತರದ ಜಾಗ ನಂದಿಗಿಂತ ಹೆಚ್ಚುಕಡಿಮೆ ಮೂವತ್ತು ಮೀಟರ್ ಮೇಲೆ, ಅಷ್ಟೆ. ಅಲ್ಲಿಂದ ಆಡಿಜೆ ನದಿಯ ಜೊತೆ ಇಳಿಯುತ್ತ ಗ್ಲುರ್ನ್ಸ್‌ಗೆ ಬಂದಾಗ ಸುಮಾರು 900 ಮೀಟರ್, ಶ್ಲಾಂಡರ್ಸ್‌ಗೆ ಬಂದಾಗ 720, ಮೆರಾನೊದಲ್ಲಿ 325, ಬೊಲ್ಝಾನೊದಲ್ಲಿ 262. ರೆಶೆನ್‌ನಿಂದ ಮೆರಾನೊ ಎಂಬತ್ತು ಕಿಲೊಮೀಟರಿಗೆ ತುಸು ಹೆಚ್ಚು, ಅಲ್ಲಿಂದ ಬೊಲ್ಝಾನೊ ಇನ್ನೊಂದು ಮೂವತ್ತು. ಸರಾಸರಿ ತೆಗೆದರೆ ಇಳಿಜಾರು ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಮೋಸ ಇರುವುದು ಆ ಸರಾಸರಿಯಲ್ಲೇ.

ಪಕ್ಕದ ಬೆಟ್ಟಗಳ ತೊರೆಗಳು ಸಾವಿರಾರು ವರ್ಷ ಕಲ್ಲುಮಣ್ಣು ತಂದು ಕಣಿವೆಗೆ ಅಡ್ಡಲಾಗಿ ಬೀಸಣಿಗೆಯ ಆಕಾರದಲ್ಲಿ ಸುರಿದಿವೆ. ನದಿಯನ್ನೇ ಅತ್ತ ದೂಡಿರುವ ಈ ದಿಬ್ಬಗಳಿಂದಾಗಿ ಕಣಿವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲನೆಯದು ಮಾಲ್ಸ್ ಊರಿನ ಮೇಲಿನ ದಿಬ್ಬ: ಸಾಂಕ್ಟ್ ವ್ಯಾಲೆಂಟಿನ್‌ನಿಂದ ಬುರ್ಗೈಸ್ ಹಾದು ಗ್ಲುರ್ನ್ಸ್ ಸೇರುವಷ್ಟರಲ್ಲಿ ಐನೂರು ಮೀಟರಿಗೂ ಹೆಚ್ಚು ಇಳಿತ. ಎರಡನೆಯದು ಅಮೃತಶಿಲೆಗೆ ಹೆಸರಾದ ಲಾಸ್ ಮತ್ತು ಶ್ಲಾಂಡರ್ಸ್ ನಡುವಿನ ಗಾಡ್ರಿಯಾ ದಿಬ್ಬ, ಸುಮಾರು 150 ಮೀಟರ್. ಕೊನೆಯದು ಟೋಲ್ ಎಂಬಲ್ಲಿ, ಮೆರಾನೊಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಸೈಕಲ್ ಹಾದಿ ಹೇರ್‌ಪಿನ್ ತಿರುವುಗಳಲ್ಲಿ ಸುತ್ತಿಕೊಂಡು ಇನ್ನೂರು ಮೀಟರಿನ ಹತ್ತಿರ ಇಳಿಯುತ್ತದೆ. ಇವುಗಳ ನಡುವಿನ ಸೇಬಿನ ತೋಟಗಳ ಹಾದಿ ಮಾತ್ರ ನಿಜಕ್ಕೂ ಸಪಾಟು.

ಹಾಗಾಗಿ ಸಾಮಾನು ಹೇರಿಕೊಂಡು ಹೋಗುವವರಿಗೆ ದಿಕ್ಕು ಒಂದೇ, ಮೇಲಿನಿಂದ ಕೆಳಕ್ಕೆ. ಅದರಲ್ಲೂ ಬೆಳಗಿನ ಹೊತ್ತು. ಬಿಸಿಲೇರಿದಂತೆ ಇಕ್ಕೆಲದ ಬೆಟ್ಟಗಳು ಕಾದು ಗಾಳಿ ಮೇಲೇಳುತ್ತದೆ, ಅದರ ಜಾಗ ತುಂಬಲು ಕೆಳಗಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಇಳಿಯುವವರಿಗೆ ಇದು ಎದುರುಗಾಳಿ. ಮೆರಾನೊ–ಬೊಲ್ಝಾನೊ ನಡುವೆ ಇಳಿಜಾರಿನ ಸಹಾಯವೂ ಇಲ್ಲದ್ದರಿಂದ ಮೂವತ್ತು ಕಿಲೊಮೀಟರಿಗೆ ಎರಡೂವರೆ ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಜುಲೈ–ಆಗಸ್ಟ್‌ನಲ್ಲಿ ಆ ತಗ್ಗಿನ ಸೆಕೆ ನಮ್ಮ ರಾಯಚೂರಿನವರನ್ನೂ ಬೆವರಿಳಿಸುವಂಥದ್ದು. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ.

ರೆಶೆನ್‌ಗೆ ಹತ್ತುವುದು ಹೇಗೆ ಎಂಬುದನ್ನು ಲೇಖನ ಮುಟ್ಟಲೇ ಇಲ್ಲ. ಆಸ್ಟ್ರಿಯಾದ ಲಾಂಡೆಕ್‌ವರೆಗೆ ರೈಲಿದೆ. ಅಲ್ಲಿಂದ ಇನ್ ನದಿಯ ಬದಿಯಲ್ಲಿ ಫುಂಡ್ಸ್, ಮುಂದೆ ಸ್ವಿಟ್ಜರ್ಲೆಂಡಿನ ಮಾರ್ಟಿನಾ, ಅಲ್ಲಿಂದ ಹನ್ನೊಂದು ಹೇರ್‌ಪಿನ್ ತಿರುವುಗಳ ನಾರ್ಬರ್ಟ್ಸ್‌ಹೋಹೆ ಏರು, ಆಮೇಲೆ ನೌಡರ್ಸ್, ರೆಶೆನ್. ಮಾರ್ಟಿನಾದಿಂದ ಏರು ಆರು ಕಿಲೊಮೀಟರಿನಲ್ಲಿ 370 ಮೀಟರ್, ನೂರಕ್ಕೆ ಆರರ ಇಳಿಜಾರು. ಸುತ್ತು ಎನಿಸಿ ಫಿನ್ಸ್ಟರ್‌ಮ್ಯುಂಝ್ ಕಮರಿಯ ನೇರ ಹೆದ್ದಾರಿ ಹಿಡಿಯಬೇಡಿ. ಅಲ್ಲಿ ಸುರಂಗ, ಕಲ್ಲುಬೀಳು ತಡೆಯುವ ಮಾಡುದಾರಿ, ಲಾರಿ ಎಲ್ಲವೂ ಒಟ್ಟಿಗಿವೆ. ಹೀಗೆ ಒಂದೇ ದಿನ ಮೂರು ದೇಶ ದಾಟುವುದಕ್ಕೆ ಷೆಂಗನ್ ವೀಸಾ ಒಂದೇ ಸಾಕು. ಆದರೆ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ. ಒಕ್ಕೂಟದ ರೋಮಿಂಗ್ ನಂಬಿ ಕೊಂಡ ಸಿಮ್ ಅಲ್ಲಿ ದುಡ್ಡು ತಿನ್ನಬಹುದು, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಘಾಟಿ ದಾಟಿದ ಮೇಲೆ ರೆಶೆನ್ ಸರೋವರ. 1950ರಲ್ಲಿ ಅಣೆಕಟ್ಟಿನ ನೀರಿಗೆ ಗ್ರೌನ್ ಊರು ಮುಳುಗಿ, ಹದಿನಾಲ್ಕನೆಯ ಶತಮಾನದ ಚರ್ಚಿನ ಗಂಟೆಗೋಪುರ ಮಾತ್ರ ನೀರಿನ ಮೇಲೆ ಉಳಿದಿದೆ. ಶರಾವತಿಯ ಹಿನ್ನೀರು ಕಂಡವರಿಗೆ ಆ ಊರಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಗೋಪುರ ಪೂರ್ವದ ದಡದ ಹೆದ್ದಾರಿಯ ಕಡೆಗಿದೆ, ವಾಹನವಿಲ್ಲದ ಸೈಕಲ್ ಹಾದಿ ಪಶ್ಚಿಮದ ದಡದಲ್ಲಿದೆ. ಅದೂ ಸಣ್ಣಪುಟ್ಟ ಏರಿಳಿತದ್ದೇ.

ಬ್ರೇಕಿನ ವಿಷಯಕ್ಕೆ ನಾವು ಹೆಚ್ಚು ಜಾಗ ಕೊಡುತ್ತೇವೆ, ಏಕೆಂದರೆ ಇಲ್ಲಿ ತಪ್ಪಿದರೆ ಮೂಳೆ ಮುರಿಯುತ್ತದೆ. ಸವಾರ, ಸೈಕಲ್, ಚೀಲ ಸೇರಿ ನೂರು ಕೆ.ಜಿ. ಎಂದುಕೊಳ್ಳಿ. ಇನ್ನೂರು ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 196 ಕಿಲೊಜೂಲ್, ಅರ್ಧ ಲೀಟರಿಗೂ ಹೆಚ್ಚು ನೀರನ್ನು ಕುದಿಬಿಂದುವಿಗೆ ತರುವಷ್ಟು. ನಿಧಾನವಾಗಿ ಇಳಿದರೆ ಇದರ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಡಿಸ್ಕ್‌ನಲ್ಲಾದರೆ ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ತಪ್ಪುತ್ತದೆ, ಬ್ರೇಕಿನ ದ್ರವ ಕುದಿದರೆ ಲಿವರ್ ಬ್ರೇಕ್ ಹಿಡಿಯದೆ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ನೇರದಲ್ಲಿ ವೇಗ ಗಂಟೆಗೆ 25–30 ಕಿಲೊಮೀಟರಿಗೆ ಏರಲು ಬಿಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ 12–15ಕ್ಕೆ ಇಳಿಸಿ. ಆಮೇಲೆ ಪೂರ್ತಿ ಬಿಟ್ಟುಬಿಡಿ, ಪ್ಯಾಡ್ ತಣಿಯಲಿ. ಜೊತೆಗೆ ಒಂದು ಜೊತೆ ಪ್ಯಾಡ್ ಇರಲಿ.

ಬಾಡಿಗೆ ಸೈಕಲ್ ಹತ್ತುವವರಿಗೆ ಇನ್ನೊಂದು ಗಂಡಾಂತರ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರದ್ದು, ಅಲ್ಲಿ ಎಡಗೈಯದ್ದು. ಹಿಂದಿನ ಬ್ರೇಕೆಂದು ರೂಢಿಬಲದಿಂದ ಎಡಗೈ ಬಿಗಿದರೆ ಸೈಕಲ್ ಪಲ್ಟಿ ಹೊಡೆಯುತ್ತದೆ. ಹೈಡ್ರಾಲಿಕ್ ಬ್ರೇಕಿನ ಕೊಳವೆ ಅದಲುಬದಲು ಮಾಡುವುದು ಅಂಗಡಿಯವರಿಗೆ ಸುಲಭದ ಕೆಲಸವಲ್ಲ. ಖಾಲಿ ಜಾಗದಲ್ಲಿ ಒಂದು ಹತ್ತು ನಿಮಿಷ ಅಭ್ಯಾಸ ಮಾಡುವುದೇ ದಾರಿ. ರಸ್ತೆಯ ಬಲಬದಿಯ ಸಂಚಾರಕ್ಕೂ ಅದೇ ಹೊತ್ತಿನಲ್ಲಿ ಕಣ್ಣು ಪಳಗುತ್ತದೆ.

ಇನ್ನು ಫೋಟೊದಲ್ಲಿದ್ದ ಸ್ಟೆಲ್ವಿಯೊ. 1820ರಿಂದ 1825ರ ನಡುವೆ ಕಾರ್ಲೊ ಡೊನೆಗಾನಿ ಕಟ್ಟಿದ ಈ ರಸ್ತೆಯಲ್ಲಿ ವಿನ್ಶ್‌ಗೌ ಕಣಿವೆಯ ಪ್ರಾಡ್ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವುಗಳು. ತಿರುವಿನ ಸಂಖ್ಯೆ ಕೆಳಗೆ 48ರಿಂದ ಶುರುವಾಗಿ ತುದಿಗೆ ಹೋದಂತೆ ಇಳಿಯುತ್ತದೆ. ತುದಿ 2,757 ಮೀಟರ್. ಇಪ್ಪತ್ತನಾಲ್ಕು ಕಿಲೊಮೀಟರಿಗೆ ಸುಮಾರು 1,840 ಮೀಟರ್ ಏರು, ಸರಾಸರಿ ನೂರಕ್ಕೆ ಏಳೂವರೆ. ನೂರು ಕೆ.ಜಿ. ಭಾರಕ್ಕೆ ಸುಮಾರು 160 ವಾಟ್ ಬಲ ಹಾಕಿದರೆ ಗಂಟೆಗೆ ಏಳು ಕಿಲೊಮೀಟರ್ ದಾಟುವುದೇ ಕಷ್ಟ. ಮುಂದೆ 34, ಹಿಂದೆ 34 ಹಲ್ಲಿನ ಗೇರ್‌ನಲ್ಲಿ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ ಸುಮಾರು 55 ಸುತ್ತು ಮಾತ್ರ ತಿರುಗುತ್ತದೆ. ಮೂರೂವರೆ ಗಂಟೆ ಹಾಗೆ ತುಳಿದರೆ ಮಂಡಿ ಕೈಕೊಡುತ್ತದೆ. ಮುಂದೆ 30, ಹಿಂದೆ 36 ಇದ್ದರೆ ಅದು ಸುಮಾರು 66ಕ್ಕೆ ಏರುತ್ತದೆ. ಬೆಂಗಳೂರಿನಿಂದ ಹೊರಡುವ ಮುಂಚೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸಿ, ಉದ್ದದ ಚೈನ್ ಹಾಕಿಸಿ, ಗೇರ್ ಬದಲಿಸುವ ಡಿರೇಲರ್ 36 ಹಲ್ಲನ್ನು ತಾಳುವಂಥದ್ದೇ ನೋಡಿಕೊಳ್ಳಿ. ಚೀಲಗಳನ್ನು ಪ್ರಾಡ್‌ನ ವಸತಿಯಲ್ಲೇ ಬಿಟ್ಟು ಬೆಳಗ್ಗೆ ಏಳಕ್ಕೆ ಹೊರಟರೆ ಮೋಟಾರ್‌ಬೈಕ್‌ಗಳ ಗದ್ದಲಕ್ಕೆ ಮುಂಚೆ ಅರ್ಧ ದಾರಿ ಮುಗಿದಿರುತ್ತದೆ. ತುದಿಯಲ್ಲಿ ಬೇಸಿಗೆಯಲ್ಲೂ ಕೈ ಸೆಟೆಯುವ ಚಳಿ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಇಲ್ಲದೆ ಬ್ರೇಕ್ ಹಿಡಿಯಲಾಗದು. ಬಂದ ದಾರಿಯಲ್ಲೇ ಇಳಿಯುವುದಕ್ಕಿಂತ ಉಂಬ್ರಾಯಿಲ್ ಘಾಟಿಯ ಮೂಲಕ ಸ್ವಿಟ್ಜರ್ಲೆಂಡಿನ ಸಾಂಟಾ ಮಾರಿಯಾಕ್ಕೆ ಇಳಿದು, ಮ್ಯುಸ್ಟೈರ್ ಹಾದು ಗ್ಲುರ್ನ್ಸ್ ಸೇರುವುದು ನಮ್ಮ ಆಯ್ಕೆ. ವರ್ಷಕ್ಕೊಂದು ದಿನ, ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರ್ ಮೊದಲಲ್ಲಿ, ಘಾಟಿಯನ್ನು ಸೈಕಲ್‌ಗಳಿಗೆ ಮಾತ್ರ ಬಿಟ್ಟುಕೊಡುತ್ತಾರೆ.

ಸ್ವಂತ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವವರು ತಮ್ಮ ಫ್ರೇಮಿನದೇ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಕೂರಿಸುವ ತುಂಡು) ಒಂದನ್ನು ಬಿಡಿಯಾಗಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಯಲ್ಲಿ ಮೊದಲು ಬಾಗುವುದು ಅದೇ, ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಇ–ಬೈಕ್ ಒಯ್ಯುವ ಆಸೆ ಬಿಡಿ. 160 ವಾಟ್–ಗಂಟೆಗಿಂತ ದೊಡ್ಡ ಬ್ಯಾಟರಿ ಪ್ರಯಾಣಿಕರ ವಿಮಾನಕ್ಕೆ ಹತ್ತುವುದಿಲ್ಲ, ಇ–ಬೈಕಿನದು ಸಾಮಾನ್ಯವಾಗಿ 400ರ ಮೇಲೆ. ಕಣಿವೆಯ ರೈಲು ನಿಲ್ದಾಣಗಳ ಬಳಿಯೇ ಬಾಡಿಗೆಗೆ ಸಿಗುತ್ತವೆ, ಒಂದು ಕಡೆ ಪಡೆದು ಇನ್ನೊಂದು ಕಡೆ ಬಿಡಲೂಬಹುದು. 2005ರಲ್ಲಿ ಮರುಆರಂಭವಾದ ಮೆರಾನೊ–ಮಾಲ್ಸ್ ರೈಲು 60 ಕಿಲೊಮೀಟರಿನದು. ಅದರಲ್ಲಿ ಸ್ವಂತ ಸೈಕಲ್ಲಿಗೆ ಜಾಗ ಸಿಕ್ಕೇ ಸಿಗುತ್ತದೆ ಎಂದು ಯೋಜನೆ ಹಾಕಬೇಡಿ. ಕಾಮಗಾರಿಗಾಗಿ ರೈಲಿನ ಬದಲು ಬಸ್ ಓಡಿಸುವ ದಿನಗಳೂ ಇರಬಹುದಾದ್ದರಿಂದ ಹೊರಡುವ ವಾರ ವೇಳಾಪಟ್ಟಿ ನೋಡಿಕೊಳ್ಳಿ.

ಹಾದಿ ಬಹುಪಾಲು ಡಾಂಬರು, ಅಲ್ಲಲ್ಲಿ ಜಲ್ಲಿ. 35–40 ಮಿ.ಮೀ. ಟೈರ್ ಸಾಕು. ಸೈಕಲ್ ಹಾದಿಯೇ ತೋಟದ ಹಾದಿಯೂ ಆಗಿರುವುದರಿಂದ ಸೇಬಿನ ಕೊಯ್ಲಿನ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಗುತ್ತದೆ. ತುಂತುರು ನೀರಾವರಿಯ ನೀರು ಬಿದ್ದ ಡಾಂಬರು ಜಾರುತ್ತದೆ. ಹಳೆಯ ನೀರುಗಾಲುವೆಗಳ ಪಕ್ಕದ ಕಾಲುಹಾದಿಗಳು ನಡೆಯುವವರವು, ಅಲ್ಲಿಗೆ ಸೈಕಲ್ ನುಗ್ಗಿಸಬೇಡಿ. ಇಟಲಿಯಲ್ಲಿ ಸುರಂಗದೊಳಗೆ ಪ್ರತಿಫಲಿಸುವ ಜಾಕೆಟ್ ಕಡ್ಡಾಯ. ಊರೂರಿನ ಕಲ್ಲುತೊಟ್ಟಿಯ ನಲ್ಲಿನೀರು ಕುಡಿಯಬಹುದು, ಕುಡಿಯಬಾರದೆಂಬ ಫಲಕ ಇಲ್ಲದಿದ್ದರೆ. ಸಣ್ಣ ಊರುಗಳ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರದ ಮಾತಂತೂ ಬೇಡ. ಸಸ್ಯಾಹಾರಿಗಳು ಕ್ನೋಡೆಲ್ ಎಂಬ ಬ್ರೆಡ್ಡಿನ ಉಂಡೆ ಕೇಳುವಾಗ ಪಾಲಕ್ ಅಥವಾ ಚೀಸಿನದೇ ಎಂದು ಖಚಿತಪಡಿಸಿಕೊಳ್ಳಲಿ. ಸ್ಪೆಕ್ ಹಾಕಿದ್ದರೆ ಅದು ಹಂದಿಮಾಂಸ.

ಒಂದು ಕೋರಿಕೆ. ಇಂಥ ಲೇಖನ ಮುಂದೆ ಪ್ರಕಟಿಸುವಾಗ ದಾರಿಯ ಎತ್ತರದ ರೇಖಾಚಿತ್ರವನ್ನೂ ಜೊತೆಗೆ ಹಾಕಿ, ಒಂದು ಕಾಲಂ ಅಗಲ ಸಾಕು. ಊರಿನ ಹೆಸರು ಎರಡೂ ಭಾಷೆಯಲ್ಲಿರಲಿ: ಮಾಲ್ಸ್ ಎಂದರೆ ಮಾಲ್ಲೆಸ್, ಗ್ಲುರ್ನ್ಸ್ ಎಂದರೆ ಗ್ಲೊರೆಂಝಾ, ಶ್ಲಾಂಡರ್ಸ್ ಎಂದರೆ ಸಿಲಾಂಡ್ರೊ, ಬೋಝೆನ್ ಎಂದರೆ ಬೊಲ್ಝಾನೊ. ಅಲ್ಲಿನ ಫಲಕದಲ್ಲಿ ಜರ್ಮನ್, ಇಟಾಲಿಯನ್ ಎರಡೂ ಇರುತ್ತವೆ. ಟಿಕೆಟ್ ಯಂತ್ರದ ಮುಂದೆ ನಿಂತವರ ಕೈಯಲ್ಲಿ ಇರುವುದು ಮಾತ್ರ ಒಂದೇ ಹೆಸರು.

ಕೆಲವು ಸೈಕಲ್ ಪ್ರವಾಸಿಗರು,
ಬೆಂಗಳೂರು