ಗೆಳೆಯಾ, ಆ ಉಂಗುರದ ಹಿಂಭಾಗ ನೋಡಿದೆಯಾ?

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಉಂಗುರದ ಫೋಟೋ ನಿನ್ನೆ ರಾತ್ರಿ ನೋಡಿದೆ. ಕೆಳಗೆ ನೀನು ಒಂದೇ ಸಾಲು ಬರೆದಿದ್ದೆ: ‘ಇದಕ್ಕೆ ಇಷ್ಟು ದುಡ್ಡು ಕೊಡಬಹುದಾ?’ ಒಂದು ಮಾತಿನಲ್ಲಿ ಹೇಳಿ ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ಆ ದುಡ್ಡನ್ನು ನೀನು ಎಷ್ಟು ವರ್ಷದಿಂದ ಕೂಡಿಡುತ್ತಿದ್ದೀಯ ಅಂತ ನನಗೆ ಗೊತ್ತು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಅತ್ತಿಗೆಗೆ ಒಂದಾದರೂ ಒಳ್ಳೆಯ ಒಡವೆ ಕೊಡಬೇಕು ಅನ್ನುವ ನಿನ್ನ ಆಸೆಯೂ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಸಿಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ನನ್ನದೇ ಒಂದು ಕಥೆ. ನಿನಗೂ ಇದನ್ನು ಪೂರ್ತಿ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಮನೆಯವಳಿಗೆ ಒಂದು ಪೆಂಡೆಂಟ್ ತಂದಿದ್ದೆ. ಹೂವಿನ ಆಕಾರ, ತುಂಬಾ ಪುಟ್ಟ ಪುಟ್ಟ ವಜ್ರಗಳು. ಮಾರಿದವನು ‘ಇದು ಆಸ್ತಿ ಇದ್ದ ಹಾಗೆ ಸಾರ್, ಯಾವಾಗ ಬೇಕಾದರೂ ದುಡ್ಡಾಗುತ್ತದೆ’ ಅಂದಿದ್ದ. ನಾನು ಆ ಮಾತನ್ನು ನಂಬಿ, ಕೈಮೀರಿ ಖರ್ಚು ಮಾಡಿದೆ. ಅವಳು ಅದನ್ನು ಹಾಕಿಕೊಂಡಿದ್ದು ನಾಲ್ಕೇ ಸಲ. ಕಳೆದುಹೋದರೆ ಅನ್ನುವ ಭಯ. ಆಮೇಲೆ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಾಗ ಅದನ್ನು ತೆಗೆದುಕೊಂಡು ಅದೇ ಅಂಗಡಿಗೆ ಹೋದೆ.

ಅಲ್ಲಿ ಕೂತಿದ್ದವರು ಒಂದು ಬಿಳಿ ಹಾಳೆ ಹರಡಿದರು. ಚಿಮಟ ತೆಗೆದುಕೊಂಡು ಹರಳುಗಳನ್ನು ಒಂದೊಂದಾಗಿ ಎಬ್ಬಿಸಿದರು. ಹಾಳೆಯ ಮೇಲೆ ಅವು ಸಕ್ಕರೆ ಚೆಲ್ಲಿದ ಹಾಗೆ ಬಿದ್ದವು. ‘ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ’ ಅಂದರು. ಉಳಿದ ಚಿನ್ನವನ್ನು ತಕ್ಕಡಿಗೆ ಹಾಕಿದರು. ತೂತು ತೂತಾದ ಆ ಹೂವು ತಕ್ಕಡಿಯಲ್ಲಿ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕರಗಿಸುವುದಕ್ಕೆ ಅಂತ ಇನ್ನೊಂದಿಷ್ಟು ಕಳೆದರು. ಕೈಗೆ ಬಂದಿದ್ದು ನಾನು ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ. ಹರಳುಗಳನ್ನು ಒಂದು ಪೊಟ್ಟಣ ಕಟ್ಟಿ ವಾಪಸ್ ಕೊಟ್ಟರು. ಅದು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಆ ದಿನ ತುಂಬಾ ಸಿಟ್ಟು ಬಂದಿತ್ತು. ಆದರೆ ಮೋಸ ಅಂತ ಹೇಳಲಾರೆ ಕಣೋ. ಒಡವೆಯ ಲೆಕ್ಕವೇ ಹಾಗೆ, ನನಗೆ ಗೊತ್ತಿರಲಿಲ್ಲ ಅಷ್ಟೆ. ನಾವು ಕೊಡುವ ದುಡ್ಡಿನಲ್ಲಿ ಲೋಹದ ಬೆಲೆ ಒಂದು ಪಾಲು. ಉಳಿದಿದ್ದು ಹರಳು, ಕೂಲಿ, ಅಂಗಡಿಯ ಬಾಡಿಗೆ, ಜಾಹೀರಾತು, ಲಾಭ. ಮಾರುವಾಗ ಗಟ್ಟಿಯಾಗಿ ನಿಲ್ಲುವುದು ಲೋಹ ಮಾತ್ರ. ಅದರಲ್ಲೂ 18 ಕ್ಯಾರೆಟ್ ಅಂದರೆ ನೂರಕ್ಕೆ 75 ಭಾಗವಷ್ಟೇ ಚಿನ್ನ. ಒಳಗೆ 750 ಅಂತ ಮುದ್ರೆ ಇರುವುದು ಅದಕ್ಕೇ. 14 ಕ್ಯಾರೆಟ್ ಆದರೆ 585. ಮಿಕ್ಕಿದ್ದು ತಾಮ್ರ, ಬೆಳ್ಳಿ, ಅಂಥವು. ಹಾಗಂತ ಕಡಿಮೆ ಕ್ಯಾರೆಟ್ ಕೆಟ್ಟದ್ದಲ್ಲ. ಅಪ್ಪಟ ಚಿನ್ನ ಮೆತ್ತಗೆ, ಹರಳು ಹಿಡಿದುಕೊಳ್ಳಲು ಆ ಬೆರಕೆ ಬೇಕೇ ಬೇಕು.

‘ನನ್ನದು ಪುಡಿ ಹರಳಲ್ಲ, ದೊಡ್ಡ ಕಲ್ಲು, ಸರ್ಟಿಫಿಕೇಟ್ ಇದೆ’ ಅಂತ ನೀನು ಹೇಳಬಹುದು. ಒಪ್ಪುತ್ತೇನೆ. ದೊಡ್ಡ ಕಲ್ಲಿಗೆ ಕೊಳ್ಳುವವರು ಸಿಗುತ್ತಾರೆ. ಆದರೂ ಅಂಗಡಿಯಿಂದ ಹೊರಗೆ ಬಂದ ಕೂಡಲೇ ಅದು ಸೆಕೆಂಡ್ ಹ್ಯಾಂಡ್. ಇನ್ನೊಬ್ಬ ವ್ಯಾಪಾರಿ ಅದನ್ನು ಕೊಂಡು, ತಾನೂ ಲಾಭ ಇಟ್ಟು ಮಾರಬೇಕಲ್ವಾ? ಇನ್ನು ಕಲ್ಲಿನ ಬೆಲೆ ನಿಂತಿರುವುದು ಸಿಗುವುದು ಕಷ್ಟ ಅನ್ನುವ ನಂಬಿಕೆಯ ಮೇಲೆ. ಆ ನಂಬಿಕೆ ಅಲ್ಲಾಡಿದರೆ ಬೆಲೆಯೂ ಅಲ್ಲಾಡುತ್ತದೆ.

ಮುತ್ತಿನ ವಿಷಯದಲ್ಲಿ ಆಗಿದ್ದು ಕೇಳು. 1917ರಲ್ಲಿ ಒಡವೆ ವ್ಯಾಪಾರದ ಕಾರ್ಟಿಯೆ ಕಂಪನಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಒಂದು ಬಂಗಲೆಯನ್ನೇ ಪಡೆಯಿತು. ಬದಲಿಗೆ ಕೊಟ್ಟಿದ್ದು ನೂರು ಡಾಲರ್ ಮತ್ತು ಎರಡೆಳೆಯ ಒಂದು ಮುತ್ತಿನ ಸರ. ಆಗ ಆ ಸರದ ಬೆಲೆ 10 ಲಕ್ಷ ಡಾಲರ್. ಅಷ್ಟರಲ್ಲಿ ಜಪಾನಿನ ಮಿಕಿಮೊಟೊ ಮುತ್ತನ್ನು ಚಿಪ್ಪಿನಲ್ಲಿ ಬೆಳೆಸುವುದನ್ನು ಸಾಧಿಸಿದ್ದ. 1893ರಲ್ಲೇ ಅವನಿಗೆ ಮೊದಲ ಅರೆಗೋಳದ ಮುತ್ತು ಸಿಕ್ಕಿತ್ತು. ಬೆಳೆಸಿದ ಮುತ್ತು ಮಾರುಕಟ್ಟೆ ತುಂಬಿದ ಮೇಲೆ, 1957ರಲ್ಲಿ ಅದೇ ಸರ ಹರಾಜಿಗೆ ಬಂತು. ಸಿಕ್ಕಿದ್ದು ಸುಮಾರು ಒಂದೂವರೆ ಲಕ್ಷ ಡಾಲರ್. ಬಂಗಲೆ ಮಾತ್ರ ಇವತ್ತಿಗೂ ಅಲ್ಲೇ ಇದೆ. ಮುತ್ತು ಸವೆದಿರಲಿಲ್ಲ, ಒಡೆದಿರಲಿಲ್ಲ. ಜನ ಅದಕ್ಕೆ ಕೊಡುತ್ತಿದ್ದ ಬೆಲೆ ಇಳಿದಿತ್ತು.

ವಜ್ರಕ್ಕೂ ಈಗ ಹಾಗೇ ಆಗುತ್ತಿದೆ. 1954ರ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬಿನಲ್ಲಿ ವಜ್ರ ತಯಾರಾಯಿತು. ಆಗ ಅದು ಬರೀ ಕೈಗಾರಿಕೆಗೆ ಬರುವ ಪುಡಿ. ಇವತ್ತು ಲ್ಯಾಬಿನಲ್ಲಿ ಬೆಳೆದ ವಜ್ರವನ್ನು ಭೂತಗನ್ನಡಿ ಹಿಡಿದರೂ ನಾವು ಗುರುತಿಸಲಾರೆವು. ಗಣಿಯದ್ದು, ಲ್ಯಾಬಿನದ್ದು ಎರಡೂ ಇಂಗಾಲವೇ, ಎರಡೂ ಅಷ್ಟೇ ಗಟ್ಟಿ. ಲ್ಯಾಬ್ ವಜ್ರದ ಬೆಲೆ ಈಚಿನ ವರ್ಷಗಳಲ್ಲಿ ತುಂಬಾ ಇಳಿದಿದೆ. ಹೊಳಪು ಮುಖ್ಯ ಅನ್ನುವವರಿಗೆ ಲ್ಯಾಬ್ ವಜ್ರ ಒಳ್ಳೆಯದೇ. ಮುಂದೆ ಮಾರುತ್ತೇನೆ ಅನ್ನುವವರು ಮಾತ್ರ ಆ ಕಡೆ ತಲೆ ಹಾಕಬಾರದು. ‘ವಜ್ರ ಶಾಶ್ವತ’ ಅನ್ನುವ ಮಾತು ಕೂಡ 1947ರಲ್ಲಿ ಒಂದು ವಜ್ರದ ಕಂಪನಿಗಾಗಿ ಬರೆದ ಜಾಹೀರಾತಿನ ಸಾಲು. ಕಲ್ಲು ಶಾಶ್ವತವಾಗಿರಬಹುದು, ಅದರ ಬೆಲೆಯ ಬಗ್ಗೆ ಆ ಸಾಲು ಏನೂ ಹೇಳುವುದಿಲ್ಲ.

ಆದ್ದರಿಂದ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೋ. ಉಂಗುರಕ್ಕೆ ಕೊಟ್ಟ ದುಡ್ಡು ಖರ್ಚಾಯಿತು. ಅದು ಉಳಿತಾಯದ ಖಾತೆಗೆ ಸೇರುವುದಿಲ್ಲ. ಆ ದುಡ್ಡು ಮತ್ತೆ ಬರದಿದ್ದರೂ ನಿನ್ನ ನಿದ್ದೆ ಕೆಡುವುದಿಲ್ಲ ಅಂತಾದರೆ ಮಾತ್ರ ಮುಂದಕ್ಕೆ ಓದು. ಸಾಲ ಮಾಡಿ ಅಂತೂ ಬೇಡವೇ ಬೇಡ.

ಹಾಗಾದರೆ ಒಡವೆ ಕೊಳ್ಳುವುದೇ ದಂಡ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಅಮ್ಮನ ಉಂಗುರ ನೆನಪಿದೆಯಾ? ಮಧ್ಯದಲ್ಲಿ ಒಂದು ಸಣ್ಣ ಕೆಂಪಿನ ಹರಳು ಇದ್ದಿದ್ದು? ಅಮ್ಮ ಅದನ್ನು ನಲವತ್ತು ವರ್ಷ ಬೆರಳಿನಿಂದ ತೆಗೆಯಲಿಲ್ಲ. ಅಂಗೈ ಕಡೆಯ ಚಿನ್ನ ಸವೆದು ತಂತಿಯಷ್ಟು ತೆಳ್ಳಗಾಗಿದೆ. ಒಳಗಿನ ಮುದ್ರೆಯಲ್ಲಿ 7 ಮತ್ತು 5 ಕಾಣುತ್ತದೆ, ಸೊನ್ನೆ ಅಳಿಸಿಹೋಗಿದೆ. ಕೆಂಪಿನ ಅಂಚು ಮಾತ್ರ ಇನ್ನೂ ಚೂಪಾಗಿಯೇ ಇದೆ. ತೂಕಕ್ಕೆ ಹಾಕಿದರೆ ಅದಕ್ಕೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ. ಈಗ ಅದು ನನ್ನ ಹೆಂಡತಿಯ ಬೆರಳಿನಲ್ಲಿದೆ. ಪೆಂಡೆಂಟನ್ನು ನಾಲ್ಕು ಸಲ ಹಾಕಿಕೊಂಡವಳು ಈ ಉಂಗುರವನ್ನು ಒಂದು ದಿನವೂ ಬಿಚ್ಚಿಲ್ಲ. ಅಮ್ಮ ಅವತ್ತು ಅದಕ್ಕೆ ಎಷ್ಟು ಕೊಟ್ಟಿದ್ದರೋ, ಅದು ಜಾಸ್ತಿಯಾಯಿತು ಅಂತ ನಾನು ಯಾವತ್ತೂ ಹೇಳಲಾರೆ.

ಈಗ ನಿನ್ನ ಉಂಗುರಕ್ಕೆ ಬರುತ್ತೇನೆ. ಮಧ್ಯದಲ್ಲಿ ಪಚ್ಚೆ, ಸುತ್ತ ಪುಟ್ಟ ವಜ್ರಗಳು, ಬಿಳಿ ಚಿನ್ನದ ಕಟ್ಟು. ನೋಡಲು ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತ್ತಿಗೆಯ ಕೈ ನೆನಪಾಯಿತು. ಅವರು ದಿನಾ ಬೆಳಿಗ್ಗೆ ಮಣ್ಣಿನಲ್ಲಿ ಕೈಯಿಟ್ಟು ಗಿಡಗಳ ಕೆಲಸ ಮಾಡುವವರು. ಪಚ್ಚೆ ಅಂಥ ಕೈಗೆ ಹೇಳಿ ಮಾಡಿಸಿದ ಕಲ್ಲಲ್ಲ ಕಣೋ.

ಕಲ್ಲುಗಳ ಗಡಸುತನಕ್ಕೆ ಮೋಸ್ ಅಳತೆ ಅಂತ ಇದೆ. ವಜ್ರ 10. ಕೆಂಪು (ಮಾಣಿಕ್ಯ), ನೀಲ ಎರಡೂ 9. ಪಚ್ಚೆ ಏಳೂವರೆಯಿಂದ 8. ಮುತ್ತು ಮೂರು, ನಾಲ್ಕರ ಆಸುಪಾಸು. ನಮ್ಮ ಸುತ್ತಲಿನ ದೂಳಿನಲ್ಲಿ, ಮಣ್ಣಿನಲ್ಲಿ ಇರುವ ಸ್ಫಟಿಕದ ಕಣ 7. ಅದಕ್ಕಿಂತ ಮೆತ್ತಗಿನ ಕಲ್ಲಿಗೆ ದಿನಾ ಗೀರು ಬೀಳುತ್ತದೆ. ಪಚ್ಚೆಗೆ ಗೀರಿನ ಭಯ ಅಷ್ಟಿಲ್ಲ, ಏಟಿನ ಭಯ ಇದೆ. ಅದರೊಳಗೆ ಹುಟ್ಟಿನಿಂದಲೇ ಸಣ್ಣ ಸಣ್ಣ ಬಿರುಕು, ಕಲೆ ಇರುತ್ತವೆ. ಅದಕ್ಕೆ ಫ್ರೆಂಚರು ‘ಜಾರ್ದಾಂ’ ಅಂತಾರೆ, ಅಂದರೆ ತೋಟ. ಒಮ್ಮೆ ಭೂತಗನ್ನಡಿಯಲ್ಲಿ ನೋಡು, ಪಾಚಿ, ಬೇರು, ಎಲೆಯ ಹಾಗೆ ಕಾಣುತ್ತದೆ. ಅತ್ತಿಗೆಗೆ ಅದನ್ನು ತೋರಿಸಿದರೆ ತುಂಬಾ ಖುಷಿಪಡುತ್ತಾರೆ. ಆದರೆ ಕುಂಡದ ಅಂಚಿಗೆ ಒಂದು ಸಲ ಜೋರಾಗಿ ತಗುಲಿದರೆ ಆ ಬಿರುಕಿನ ಗುಂಟ ಕಲ್ಲು ಒಡೆಯಬಹುದು.

ಇನ್ನೊಂದು ವಿಷಯ. ಮಾರುಕಟ್ಟೆಗೆ ಬರುವ ಬಹುಪಾಲು ಪಚ್ಚೆಗಳ ಬಿರುಕಿಗೆ ಎಣ್ಣೆಯನ್ನೋ ರಾಳವನ್ನೋ ತುಂಬಿರುತ್ತಾರೆ. ಬಿರುಕು ಮರೆಯಾಗಿ ಕಲ್ಲು ತಿಳಿಯಾಗಿ ಕಾಣುತ್ತದೆ. ಇದು ಹಳೆಯ ಪದ್ಧತಿ, ತಪ್ಪೂ ಅಲ್ಲ. ಆದರೆ ಬಿಸಿನೀರು, ಸೋಪು, ಅಲ್ಟ್ರಾಸಾನಿಕ್ ಯಂತ್ರದ ತೊಳೆತ ಇವು ಆ ಎಣ್ಣೆಯನ್ನು ಹೊರಗೆ ತರುತ್ತವೆ. ಎಷ್ಟು ತುಂಬಿದ್ದಾರೆ ಅನ್ನುವುದು ಸರ್ಟಿಫಿಕೇಟಿನಲ್ಲಿ ಬರೆದಿರಬೇಕು. ಅಂಗಡಿಯವರು ತಾವೇ ಕೊಟ್ಟ ಚೀಟಿ ಸಾಲದು, ಕಲ್ಲು ಪರೀಕ್ಷಿಸುವ ಬೇರೆ ಲ್ಯಾಬಿನದ್ದು ಕೇಳು. ಬಿಳಿ ಚಿನ್ನವೂ ಹಾಗೇ. ಆ ಬೆಳ್ಳಗಿನ ಹೊಳಪು ಸಾಮಾನ್ಯವಾಗಿ ಮೇಲೆ ಲೇಪಿಸಿದ ರೋಡಿಯಂ ಅನ್ನುವ ಲೋಹದ್ದು. ದಿನಾ ಹಾಕಿಕೊಂಡರೆ ಒಂದೆರಡು ವರ್ಷದಲ್ಲಿ ಅದು ಸವೆದು ಹಳದಿ ಛಾಯೆ ಕಾಣುತ್ತದೆ. ಮತ್ತೆ ಲೇಪ ಮಾಡಿಸಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿ.

ಅತ್ತಿಗೆ ದಿನಾ ಹಾಕಿಕೊಳ್ಳಲಿ ಅನ್ನುವುದು ನಿನ್ನ ಆಸೆ ಆದರೆ, ನೀಲದ ಕಲ್ಲು ನೋಡು. ಬೆರಳಿನ ಮೇಲೆ ಎತ್ತರಕ್ಕೆ ಏಳದ ಹಾಗೆ, ಸುತ್ತ ಚಿನ್ನದ ಅಂಚು ಕಟ್ಟಿ ತಗ್ಗಿನಲ್ಲಿ ಕೂರಿಸಿದ್ದು ಇನ್ನೂ ಒಳ್ಳೆಯದು. ಅಲ್ಲ, ಪಚ್ಚೆಯೇ ಬೇಕು ಅನ್ನುವುದಾದರೆ ಕಿವಿಗೋ ಕೊರಳಿಗೋ ಮಾಡಿಸು. ಅಲ್ಲಿ ಏಟು ಬೀಳುವುದು ಕಡಿಮೆ.

ದುಬಾರಿ ಒಡವೆಯಲ್ಲಿ ನಿಜವಾಗಿ ಕೊಡಬೇಕಾದ ದುಡ್ಡು ಯಾವುದು ಅಂತ ನನಗೆ ತೋರಿಸಿಕೊಟ್ಟಿದ್ದು ಒಬ್ಬ ಹಿರಿಯ ಅಕ್ಕಸಾಲಿಗರು. ಅಮ್ಮನ ಉಂಗುರ ರಿಪೇರಿಗೆ ಕೊಡಲು ಹೋದಾಗ ಅವರು ಅದರ ಮುಂಭಾಗ ನೋಡಲೇ ಇಲ್ಲ. ತಿರುಗಿಸಿ ಹಿಂಭಾಗ ನೋಡಿದರು. ‘ಎದುರುಗಡೆ ಎಲ್ಲರೂ ಪಾಲಿಶ್ ಮಾಡುತ್ತಾರೆ. ಯಾರಿಗೂ ಕಾಣದ ಕಡೆ ಕೈ ಎಷ್ಟು ಓಡಿದೆ ನೋಡಿ’ ಅಂದರು. ಹರಳಿನ ಕೆಳಗಿನ ಕಿಂಡಿಯ ಒಳಗೋಡೆ ಕೂಡ ಕನ್ನಡಿಯ ಹಾಗಿತ್ತು. ಬೆಸುಗೆಯ ಗುರುತು ಹುಡುಕಿದರೂ ಸಿಗಲಿಲ್ಲ. ಆಮೇಲೆ ತಮ್ಮ ಮೇಜಿನ ಮೇಲಿದ್ದ ಇನ್ನೊಂದು ಹೊಸ ಉಂಗುರ ತೋರಿಸಿದರು. ಒಳಗೆ ಎರಕದ ತರಿ ಹಾಗೇ ಉಳಿದಿತ್ತು. ಒಂದು ರೇಷ್ಮೆ ದಾರವನ್ನು ಹರಳಿನ ಮೇಲೆ ಮೆಲ್ಲಗೆ ಎಳೆದರು. ಅದು ಒಂದು ಕಡೆ ಸಿಕ್ಕಿಕೊಂಡಿತು. ಹರಳನ್ನು ಹಿಡಿದಿರುವ ಪುಟ್ಟ ಕೊಕ್ಕೆ ಅಲ್ಲಿ ಸರಿಯಾಗಿ ಕೂತಿರಲಿಲ್ಲ. ಇವತ್ತು ದಾರ ಸಿಕ್ಕಿಕೊಳ್ಳುವ ಕಡೆ ನಾಳೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಒಂದು ದಿನ ಹರಳು ಉದುರುತ್ತದೆ.

ಅವತ್ತಿನಿಂದ ನಾನು ಒಡವೆ ನೋಡುವ ರೀತಿಯೇ ಬದಲಾಯಿತು. ಜಾಸ್ತಿ ದುಡ್ಡು ಒಳ್ಳೆಯ ಕೈಕೆಲಸಕ್ಕೆ ಹೋದರೆ ನನಗೆ ಒಂದಿಷ್ಟೂ ಬೇಸರವಿಲ್ಲ. ಆ ಕೂಲಿ ಮಾರುವಾಗ ವಾಪಸ್ ಬರುವುದಿಲ್ಲ, ನಿಜ. ಆದರೆ ಹರಳನ್ನು ನಲವತ್ತು ವರ್ಷ ಉದುರದ ಹಾಗೆ ಹಿಡಿದಿಡುವುದು ಅದೇ. ಬರೀ ಕಂಪನಿಯ ಹೆಸರಿಗೆ, ಡಬ್ಬಿಗೆ ಹೋಗುವ ದುಡ್ಡಿನ ಬಗ್ಗೆ ಮಾತ್ರ ಯೋಚಿಸು. ಒಳಗಿನ ಹೆಸರು ಅಳಿಸಿ ಕೊಟ್ಟರೂ ಇದೇ ಬೆಲೆ ಕೊಡುತ್ತೀಯಾ ಅಂತ ನಿನ್ನನ್ನೇ ಕೇಳಿಕೋ.

ಅಂಗಡಿಗೆ ಮತ್ತೆ ಹೋದಾಗ ಉಂಗುರವನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗು. ಒಳಗಿನ ದೀಪಗಳ ಕೆಳಗೆ ಎಲ್ಲಾ ಕಲ್ಲೂ ಮಿನುಗುತ್ತದೆ, ಹಗಲಿನ ಬೆಳಕಿನಲ್ಲಿ ಅದರ ನಿಜವಾದ ಬಣ್ಣ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ ಬೇರೆ ಬೇರೆಯಾಗಿ ಇರಲಿ. ವಾಪಸ್ ಕೊಳ್ಳುವ ಮಾತನ್ನು ಅವರು ಎತ್ತಿದರೆ ಅದನ್ನೂ ಬರೆಸಿಕೋ. ವಜ್ರದ ತೂಕದ ಬಗ್ಗೆ ಒಂದು ಸಣ್ಣ ಗುಟ್ಟು: ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ಕಲ್ಲಿನ ಕ್ಯಾರೆಟ್ ತೂಕದ್ದು, 1 ಕ್ಯಾರೆಟ್ ಅಂದರೆ 0.2 ಗ್ರಾಂ. ಸರಿಯಾಗಿ 1 ಮುಟ್ಟಿದ ಕೂಡಲೇ ಬೆಲೆ ಒಮ್ಮೆಲೇ ಜಿಗಿಯುತ್ತದೆ. 0.95ರ ಕಲ್ಲನ್ನು ಅದರ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಕೊನೆಯದಾಗಿ, ಅತ್ತಿಗೆಯನ್ನು ಕೇಳು ಮಾರಾಯ. ಸರ್‌ಪ್ರೈಸ್ ಕೊಡಬೇಕು ಅಂತ ನಿನಗೆ ಆಸೆ ಇದೆ, ನನಗೂ ಇತ್ತು. ನನ್ನ ಹೆಂಡತಿಗೆ ಕೊರಳಲ್ಲಿ ಏನಾದರೂ ಇದ್ದರೆ ಇರುಸುಮುರುಸು ಅಂತ ನನಗೆ ಗೊತ್ತಾಗಿದ್ದು ಪೆಂಡೆಂಟ್ ತಂದ ಮೇಲೆ. ಅತ್ತಿಗೆಗೆ ಉಂಗುರವೇ ಇಷ್ಟವಾ, ಯಾವ ಬೆರಳಿಗೆ, ದಿನಾ ಹಾಕಿಕೊಳ್ಳುತ್ತಾರಾ? ಇಬ್ಬರೂ ಕೂಡಿ ಹೋಗಿ, ಅವರೇ ಬೆರಳಿಗೆ ಹಾಕಿ ನೋಡಲಿ. ಎರಡು ವಾರ ಬಿಟ್ಟು ಮತ್ತೆ ಹೋಗಿ. ಆಗಲೂ ಅವರ ಕಣ್ಣು ಅದೇ ಉಂಗುರವನ್ನು ಹುಡುಕಿದರೆ ಕೊಡಿಸು, ನಾನು ಅಡ್ಡ ಬರುವುದಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡು. ನೀನು ಕಳಿಸಿದ್ದು ಮುಂಭಾಗದ ಫೋಟೋ. ಉಂಗುರವನ್ನು ತಿರುಗಿಸಿ, ಹರಳಿನ ಕೆಳಗಿನ ಕಿಂಡಿ ಕಾಣುವ ಹಾಗೆ ಇನ್ನೊಂದು ತೆಗೆದು ಕಳಿಸು. ಸರ್ಟಿಫಿಕೇಟಿನದ್ದೂ ಇರಲಿ. ಆ ಅಕ್ಕಸಾಲಿಗರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆದರೂ ದೊಡ್ಡದು ಮಾಡಿ ತೋರಿಸಿ ಕೇಳಿಕೊಂಡು ಬರುತ್ತೇನೆ.

ಇಂತಿ ನಿನ್ನ
ಹಳೆಯ ಗೆಳೆಯ